ಟ್ರಿಪ್ ಸರ್ಕ್ಯುಲರ್ ಬಂದರೆ ಕೆಳಗಿನ ಸಣ್ಣಕ್ಷರ ಮೊದಲು ಓದಿ

ಜುಲೈನಲ್ಲಿ ತೆರಿಗೆ ರಿಟರ್ನ್ ಹಾಕಿಸಲು ನನ್ನ ಆಫೀಸಿಗೆ ಬರುವವರ ಕೈಯಲ್ಲಿ ಫಾರ್ಮ್ 16 ಇರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ. ಈ ಸಲ ಒಂದು ಜೋಡಿಯ ಫೈಲಿನಲ್ಲಿ ಜೊತೆಗೊಂದು ಬಣ್ಣದ ಕಾಗದವೂ ಇತ್ತು. ಮೇಲೆ ಸಿಂಹದ ತಲೆ, ಮೀನಿನ ಮೈಯ ಆ ಸಿಂಗಪುರದ ಪ್ರತಿಮೆ, ಕೆಳಗೆ ಶಾಲೆಯ ಸೀಲು. ಶಾಲೆಯ ಸಿಂಗಪುರ ಟ್ರಿಪ್ಪಿನ ಸರ್ಕ್ಯುಲರ್ ಅದು: ಎಂಟನೇ ಕ್ಲಾಸಿನ ಮಕ್ಕಳಿಗೆ ಐದು ರಾತ್ರಿ, ಆರು ಹಗಲು, 1,65,000 ರೂಪಾಯಿ. "ಸರ್, ಇದು 80ಸಿಯಲ್ಲಿ ಬರುತ್ತಾ?" ಅಂತ ಅವರು ಕೇಳಿದರು.

ಬರಲ್ಲ. 80ಸಿ ಅಂದರೆ ಕೆಲವು ಉಳಿತಾಯ, ಖರ್ಚುಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ ಸೆಕ್ಷನ್. ಶಾಲೆಗೆ ಕಟ್ಟುವುದರಲ್ಲಿ ಅಲ್ಲಿ ಬರೋದು ಟ್ಯೂಷನ್ ಫೀ, ಅದೂ ಹಳೇ ರಿಜೀಮ್‌ನಲ್ಲಿ, ಅಂದರೆ ಹಳೇ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ ಮಾತ್ರ. ಶಾಲೆಯೇ ರಸೀದಿ ಕೊಟ್ಟರೂ ಟ್ರಿಪ್ಪು ಟ್ರಿಪ್ಪೇ.

ಆದರೆ ಕಾಗದ ತಿರುಗಿಸಿ ನೋಡಿದೆ. ಹಿಂದುಗಡೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ 'ಇವು ಸೇರಿಲ್ಲ' ಅಂತ ಒಂದು ಪಟ್ಟಿ. ನನ್ನ ಮಟ್ಟಿಗೆ ಸರ್ಕ್ಯುಲರ್ ಶುರುವಾಗೋದೇ ಅಲ್ಲಿಂದ. ಒಂದು ಹಾಳೆ ತಗೊಂಡು ಅವರ ಎದುರಿಗೇ ಬರೆದೆ. 1,65,000ಕ್ಕೆ ಜಿಎಸ್‌ಟಿ ಶೇ 5, ಅಂದರೆ 8,250. ಅದರ ಮೇಲೆ ಟಿಸಿಎಸ್, ಅಂದರೆ ಪ್ಯಾಕೇಜ್ ಮಾರುವವರು ಮೊದಲೇ ಹಿಡಿಯುವ ತೆರಿಗೆ, ಸುಮಾರು 3,500. ಮಗಳಿಗೆ ಪಾಸ್‌ಪೋರ್ಟ್ ಇಲ್ಲ, ಮಾಮೂಲಿ ಆದರೆ 1,000, ಈಗ ಟೈಮ್ ಇಲ್ಲದ್ದಕ್ಕೆ ತತ್ಕಾಲ್, ಇನ್ನೊಂದು 2,000. ಕೈಖರ್ಚಿಗೆ 200 ಸಿಂಗಪುರ ಡಾಲರ್ ಕೊಟ್ಟು ಕಳಿಸಿ ಅಂತ ಶಾಲೆಯೇ ಬರೆದಿದೆ, ಅದು ಹೆಚ್ಚುಕಮ್ಮಿ 14,000. ಸೂಟ್‌ಕೇಸು, ಶೂ, ಎರಡು ಜೊತೆ ಬಟ್ಟೆ ಅಂತ 9,000 ಹಾಕಿದೆ, "ಅಷ್ಟರಲ್ಲಿ ಆಗಲ್ಲ ಸರ್" ಅಂದರು ತಾಯಿ. ರೋಮಿಂಗ್ ಪ್ಯಾಕು, ಏರ್‌ಪೋರ್ಟಿಗೆ ಕ್ಯಾಬು ಸೇರಿ 3,000. ಕೂಡಿಸಿದರೆ 2,05,000 ದಾಟಿತು. ಅಜ್ಜಿಗೆ, ಅತ್ತೆ ಮಕ್ಕಳಿಗೆ ತರುವ ಚಾಕಲೇಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಪಟ್ಟಿಯ ಕೊನೇ ಸಾಲು ಇನ್ನೂ ಮಜಾ: ಡಾಲರ್ ರೇಟು ಏರಿದರೆ ವ್ಯತ್ಯಾಸವನ್ನು ಪೋಷಕರೇ ಕಟ್ಟಬೇಕು. ಇಳಿದರೆ ವಾಪಸ್ ಕೊಡ್ತಾರಾ ಅನ್ನೋದನ್ನು ಬರೆದಿಲ್ಲ.

ಅವರ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಪರ್ಸನಲ್ ಲೋನ್ ಮೆಸೇಜು ದಿನಾ ಬರುತ್ತಲ್ಲ, ಅದನ್ನೇ ನಂಬಿಕೊಂಡಿದ್ದರು. ಎರಡು ಲಕ್ಷಕ್ಕೆ ಶೇ 14ರ ಬಡ್ಡಿ, ಎರಡು ವರ್ಷ ಅಂತ ಹಿಡಿದರೆ ತಿಂಗಳಿಗೆ 9,600 ರೂಪಾಯಿ ಇಎಂಐ, ಬಡ್ಡಿಯೇ 30,000. ನನ್ನ ಕಣ್ಣಿಗೆ ಬಡ್ಡಿಗಿಂತ ಜಾಸ್ತಿ ಕುಕ್ಕಿದ್ದು ತಾರೀಖು. ಈಗ ಎಂಟನೇ ಕ್ಲಾಸು. ಕೊನೇ ಕಂತು ಮುಗಿಯೋದು ಹುಡುಗಿ ಎಸ್‌ಎಸ್‌ಎಲ್‌ಸಿಯಲ್ಲಿರುವಾಗ, ಪಿಯು ಕಾಲೇಜಿನ ಫೀಸು ಜೋಡಿಸಲು ಕೂರಬೇಕಾದ ವರ್ಷ. ಆರು ದಿನದ ಸಿಂಗಪುರಕ್ಕೆ 24 ತಿಂಗಳು ಕಟ್ಟೋದು, ನೀವೇ ಹೇಳಿ, ಯಾವ ಲೆಕ್ಕ?

ಟಿಸಿಎಸ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕಂದ್ರೆ ಇಲ್ಲಿ ಜನ ಸುಮ್ನೆ ದುಡ್ಡು ಬಿಟ್ಟುಬಿಡುತ್ತಾರೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಗ್ರಾಹಕರಿಂದ ಒಂದಿಷ್ಟು ತೆರಿಗೆ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದು 2020ರ ಅಕ್ಟೋಬರ್‌ನಿಂದ ಇದೆ. ಮೊದಲು ಶೇ 5 ಇತ್ತು, ಆಮೇಲೆ ದೊಡ್ಡ ಮೊತ್ತಕ್ಕೆ ಶೇ 20ರವರೆಗೂ ಹೋಯಿತು, 2026ರ ಏಪ್ರಿಲ್‌ನಿಂದ ಎಲ್ಲಕ್ಕೂ ಶೇ 2. ಇದು ಖರ್ಚಲ್ಲ, ನಿಮ್ಮ ಹೆಸರಲ್ಲಿ ಜಮಾ ಆಗುವ ದುಡ್ಡು. ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ತೆರಿಗೆಯೇ ಇಲ್ಲದಿದ್ದರೆ ರಿಫಂಡ್ ಬರುತ್ತದೆ. ಆದರೆ ಅದು ಯಾರ ಪ್ಯಾನ್‌ನಲ್ಲಿ ಜಮಾ ಆಗಿದೆ? ಎಷ್ಟೋ ಕಡೆ ಎಲ್ಲ ಮಕ್ಕಳ ದುಡ್ಡೂ ಶಾಲೆಯ ಖಾತೆಗೆ ಹೋಗುತ್ತದೆ, ಏಜೆಂಟರು ಶಾಲೆಯ ಹೆಸರಿಗೇ ಒಂದು ಬಿಲ್ ಹರಿದು ಕೊಡುತ್ತಾರೆ. ಆಗ ನಿಮ್ಮ 26ಎಎಸ್, ಅಂದರೆ ನಿಮ್ಮ ಪ್ಯಾನ್‌ನಲ್ಲಿ ಜಮಾ ಆದ ತೆರಿಗೆಯ ಪಟ್ಟಿ, ತೆಗೆದು ನೋಡಿದರೆ ಏನೂ ಇರಲ್ಲ. ಅದಕ್ಕೇ ದುಡ್ಡು ಕಟ್ಟುವ ಮೊದಲೇ ಹೇಳಿ: ಬಿಲ್ ನಮ್ಮ ಹೆಸರಲ್ಲಿ ಬೇಕು, ಅಪ್ಪ ಅಮ್ಮನಲ್ಲಿ ರಿಟರ್ನ್ ಹಾಕುವವರ ಪ್ಯಾನ್ ಹಾಕಿ.

ಇನ್ನೊಂದು ಪ್ರಶ್ನೆ ಕೇಳಲು ಪೋಷಕರು ನಾಚಿಕೊಳ್ಳುತ್ತಾರೆ. ಗ್ರೂಪ್ ಟೂರಿನಲ್ಲಿ ಇಷ್ಟು ಮಕ್ಕಳಿಗೆ ಒಬ್ಬರು ಟೀಚರ್ ಫ್ರೀ ಅಂತ ಮಾತಾಗಿರುತ್ತದೆ. ಮಕ್ಕಳ ಜೊತೆ ಟೀಚರ್ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಸೀಟಿನ ದುಡ್ಡು ಆಕಾಶದಿಂದ ಉದುರಲ್ಲ, ಮಕ್ಕಳ ರೇಟಿನಲ್ಲೇ ಸೇರಿರುತ್ತದೆ. ಎಷ್ಟು ಜನ ದೊಡ್ಡವರು ಹೋಗ್ತಿದ್ದಾರೆ, ಅವರಲ್ಲಿ ಕ್ಲಾಸಿನ ಟೀಚರ್‌ಗಳು ಎಷ್ಟು ಅಂತ ಕೇಳಿದರೆ ಏನೂ ಮರ್ಯಾದೆಗೆಟ್ಟ ಮಾತಾಗಲ್ಲ.

'ನಾಸಾ ಟ್ರಿಪ್' ಕಥೆ ಇನ್ನೂ ದುಬಾರಿ. ಫ್ಲೋರಿಡಾದ ಕೆನಡಿ ಸ್ಪೇಸ್ ಸೆಂಟರಿನ ವಿಸಿಟರ್ ಕಾಂಪ್ಲೆಕ್ಸ್‌ಗೆ ಟಿಕೆಟ್ ತಗೊಂಡ ಯಾರು ಬೇಕಾದರೂ ಹೋಗಬಹುದು. ಅಲ್ಲಿಗೆ ಹೋಗಿಬಂದರೆ ನಾಸಾ ಮಗುವನ್ನು ಆರಿಸಿಕೊಂಡಿತು ಅಂತ ಅರ್ಥ ಅಲ್ಲ. ಅಮೆರಿಕದ ವೀಸಾ ಫೀಸೇ ತಲೆಗೆ 185 ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಇಲ್ಲ. ಇತ್ತ ನಮ್ಮ ಇಸ್ರೋ 2019ರಿಂದ ಯುವಿಕಾ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಶಿಬಿರ ನಡೆಸುತ್ತಿದೆ, ಆಯ್ಕೆಯಾದರೆ ಪ್ರಯಾಣ, ಊಟ, ವಸತಿ ಎಲ್ಲ ಅವರದ್ದೇ. ಸೀಟು ಕಡಿಮೆ, ಸಿಗೋದು ಸುಲಭವಲ್ಲ. ಆದರೆ ಎಷ್ಟು ಶಾಲೆಗಳು ಇದರ ಬಗ್ಗೆ ಬಣ್ಣದ ಸರ್ಕ್ಯುಲರ್ ಕಳಿಸಿವೆ ಹೇಳಿ?

ದೊಡ್ಡ ಮಾತು ಆಡುವ ನಾನೂ ಇದರಲ್ಲಿ ಎಡವಿದವನೇ. ನನ್ನ ಮಗಳು ಒಂಬತ್ತರಲ್ಲಿದ್ದಾಗ ಇಂಥದ್ದೇ ನಾಸಾ ಸರ್ಕ್ಯುಲರ್ ಬಂತು. "ಬೇಡ" ಅಂತ ಒಂದೇ ಮಾತಲ್ಲಿ ಮುಗಿಸಿ ಪೇಪರ್ ಓದಲು ಕೂತೆ. ಅವಳೂ ಸುಮ್ಮನಾದಳು. ಒಂದೆರಡು ತಿಂಗಳ ಮೇಲೆ ಪೋಷಕರ ಮೀಟಿಂಗಿನಲ್ಲಿ ಅವಳ ಗೆಳತಿಯ ತಾಯಿ ಕೇಳಿದರು, "ಮಗಳ ಪಾಸ್‌ಪೋರ್ಟ್ ಸರಿಹೋಯ್ತಾ ಸರ್?" ಪಾಸ್‌ಪೋರ್ಟಿಗೆ ಏನೂ ಆಗಿರಲಿಲ್ಲ. ಅಪ್ಪ ಬೇಡ ಅಂದರು ಅಂತ ಹೇಳಲಾಗದೆ ಇವಳು ಕ್ಲಾಸಿನಲ್ಲಿ ಹಾಗೆ ಹೇಳಿಕೊಂಡಿದ್ದಳು. ಉಳಿದವರು ಅಮೆರಿಕದಲ್ಲಿದ್ದ ಅಷ್ಟೂ ದಿನ, ಹೋಗದ ಮಕ್ಕಳನ್ನೆಲ್ಲ ಒಂದೇ ರೂಮಿನಲ್ಲಿ ಕೂರಿಸಿ ಸಿನಿಮಾ ಹಾಕಿದ್ದರಂತೆ.

ಅದಕ್ಕೇ ಈಗ ನಾನು ಹಾಳೆ ಬರೆದರೆ ಅದನ್ನು ಮನೆಗೆ ಒಯ್ದು ಮಗುವಿಗೂ ತೋರಿಸಿ ಅನ್ನುತ್ತೇನೆ. ಹದಿಮೂರು ವರ್ಷದ ಹುಡುಗಿಗೆ ಇಎಂಐ ಅರ್ಥವಾಗುತ್ತದೆ. ಕಳಿಸಲೇಬೇಕು ಅಂತಿದ್ದರೂ ದಾರಿ ಇದೆ, ಐದನೇ ಕ್ಲಾಸಿನಲ್ಲೇ ಬ್ಯಾಂಕಿನಲ್ಲಿ ತಿಂಗಳಿಗೆ 5,000ದ ಆರ್‌ಡಿ ಶುರುಮಾಡಿ, 36 ತಿಂಗಳಿಗೆ ಕಟ್ಟಿದ್ದೇ 1,80,000 ಆಗುತ್ತದೆ, ಬಡ್ಡಿ ಬೇರೆ.

ಆ ಜೋಡಿಯ ವಿಷಯಕ್ಕೆ ಬರ್ತೀನಿ. ಲೆಕ್ಕವೆಲ್ಲ ಮುಗಿದ ಮೇಲೆ ತಾಯಿ ಮೆಲ್ಲಗೆ ಬಾಯಿಬಿಟ್ಟರು: "ಅಡ್ವಾನ್ಸ್ 25,000 ಕಟ್ಟಿ ಆಗಿದೆ ಸರ್. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಪೇಯ್ಡ್, ಪೇಯ್ಡ್ ಅಂತ ಹಾಕ್ತಾ ಇದ್ರು." ವಾಪಸ್ ಬರದಿದ್ದರೂ 25,000 ಹೋಗಲಿ, ಎರಡು ಲಕ್ಷ ಸಾಲ ಬೇಡ ಅಂದೆ. ಆದರೂ ಒಮ್ಮೆ ಬರವಣಿಗೆಯಲ್ಲಿ ಕೇಳಿ, ಟಿಕೆಟ್ ಬುಕ್ ಆಗುವ ಮೊದಲೇ ಕೇಳಿ ಅಂತಲೂ ಹೇಳಿದೆ.

ಹತ್ತು ದಿನದ ಮೇಲೆ ಅವರು ಫೋನ್ ಮಾಡಿದರು. ಮಗಳೇ ಹಾಳೆ ನೋಡಿ ಬೇಡ ಅಂದಳಂತೆ, ಸ್ವಲ್ಪ ಅತ್ತಳು ಕೂಡ. ಶಾಲೆಯವರು 15,000 ವಾಪಸ್ ಕೊಡಲು ಒಪ್ಪಿದ್ದಾರೆ. ಇವರು ಕೇಳಿದ್ದು ಹೇಗೋ ಗೊತ್ತಾಗಿ, ಗ್ರೂಪಿನಲ್ಲಿ 'ಪೇಯ್ಡ್' ಅಂತ ಹಾಕಿದ್ದ ಇನ್ನೂ ಇಬ್ಬರು ಆ ಪತ್ರದ ಫೋಟೋ ಕಳಿಸಿ ಅಂತ ಪರ್ಸನಲ್ ಆಗಿ ಮೆಸೇಜ್ ಮಾಡಿದ್ದಾರಂತೆ.