ಬಡ ಮಣ್ಣಿನ ಮೇವು ಸ್ಟೈಲೋ

ಹೊಲದ ಬದು, ಜಂಬಿಟ್ಟಿಗೆ ಮಣ್ಣಿನ ಗುಡ್ಡ, ದನಗಳು ತುಳಿದು ಬರಡಾದ ಗೋಮಾಳ, ಇಂಥ ಕಡೆ ಗೊಬ್ಬರದ ಹಂಗಿಲ್ಲದೆ ನೆಲಕ್ಕೆ ಹೊದಿಕೆಯಾಗಿಯೂ ದನಕ್ಕೆ ಮೇವಾಗಿಯೂ ಒದಗುವ ಸಸ್ಯಗಳಲ್ಲಿ ಸ್ಟೈಲೋ ಒಂದು. ಇದರ ಪೂರ್ಣ ಹೆಸರು ಸ್ಟೈಲೋಸಾಂಥಸ್. ಗ್ರೀಕ್ ಭಾಷೆಯಲ್ಲಿ ಸ್ಟೈಲೋಸ್ ಎಂದರೆ ಕಂಬ, ಆಂಥೋಸ್ ಎಂದರೆ ಹೂ. ಕಡಲೆಕಾಯಿ ಗಿಡದ ಹೂವನ್ನು ಕಿತ್ತು ನೋಡಿದವರಿಗೆ ಈ ಕಂಬ ಹೊಸದಲ್ಲ. ತೊಟ್ಟಿನಂತೆ ಕಾಣುವ ಸಣ್ಣ ಕೊಳವೆಯ ತುದಿಯಲ್ಲಿ ಹಳದಿ ಹೂ ನಿಂತಿರುತ್ತದೆ. ಎರಡೂ ಹತ್ತಿರದ ಬಂಧುಗಳು.

ನಮ್ಮಲ್ಲಿ ಹೆಚ್ಚಾಗಿ ಬಿತ್ತುವುದು ಹಮಾಟ ಎಂಬ ಪ್ರಭೇದವನ್ನು. ಲ್ಯಾಟಿನ್ನಿನಲ್ಲಿ ಹಮಾಟ ಎಂದರೆ ಕೊಕ್ಕೆಯುಳ್ಳದ್ದು. ಎರಡು ಗೆಣ್ಣಿನ ಇದರ ಪುಟ್ಟ ಕಾಯಿಯಲ್ಲಿ ಮೇಲಿನ ಗೆಣ್ಣಿಗೆ ಮಾತ್ರ ಬಾಗಿದ ಕೊಕ್ಕೆಯಿದ್ದು, ಅದು ದನದ ರೋಮಕ್ಕೋ ಪಂಚೆಯ ಅಂಚಿಗೋ ಸಿಕ್ಕಿಕೊಂಡು ಊರು ಸುತ್ತುತ್ತದೆ. ಒಳಗಿನ ಬೀಜದ ಸಿಪ್ಪೆ ನೀರನ್ನೇ ಬಿಟ್ಟುಕೊಳ್ಳದಷ್ಟು ಗಟ್ಟಿ. ಆದ್ದರಿಂದಲೇ ಬಿತ್ತುವ ಮುನ್ನ ಬೀಜವನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಅದ್ದುತ್ತಾರೆ, ಇಲ್ಲವೇ ಉಜ್ಜುಕಾಗದದಲ್ಲಿ ತಿಕ್ಕುತ್ತಾರೆ. ಕೃಷಿಕನಿಗೆ ಕಿರಿಕಿರಿಯೆನಿಸುವ ಈ ಗಟ್ಟಿತನ ಗಿಡದ ಮಟ್ಟಿಗೆ ಜಾಣತನವೇ ಸರಿ: ಒಂದೇ ಮಳೆಗೆ ಎಲ್ಲ ಬೀಜವೂ ಮೊಳೆತು, ಮುಂದೆ ಮಳೆ ಕೈಕೊಟ್ಟು ಒಟ್ಟಿಗೇ ಒಣಗಿಹೋಗುವ ಅಪಾಯ ಇದರಿಂದ ತಪ್ಪುತ್ತದೆ.

ಬೇರಿನ ಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ರಂಜಕ ತೀರ ಕಡಿಮೆಯಿರುವ ಹುಳಿಮಣ್ಣಿನಲ್ಲೂ ಬೆಳೆಯುವುದು ಇದರ ಹೆಚ್ಚುಗಾರಿಕೆ. ಮಳೆಗಾಲದ ಆರಂಭದಲ್ಲಿ ದನಗಳು ಎಳೆ ಹುಲ್ಲಿಗೇ ಬಾಯಿ ಹಾಕಿ ಸ್ಟೈಲೋವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಹುಲ್ಲು ಬಲಿತು ಸಾರ ಕಳೆದುಕೊಂಡ ಮೇಲೆ, ಪ್ರೋಟೀನ್ ಹೆಚ್ಚಿರುವ ಇದರತ್ತ ತಿರುಗುತ್ತವೆ.

ಆದರೆ ಇದನ್ನು ಎದುರಾಳಿಯಿಲ್ಲದ ಗಿಡವೆಂದು ಹೊಗಳುವುದು ತಪ್ಪಾಗುತ್ತದೆ. ದಕ್ಷಿಣ ಅಮೆರಿಕ ಮೂಲದ ಹ್ಯುಮಿಲಿಸ್ ಎಂಬ ಪ್ರಭೇದ ಯಾರೂ ಬಿತ್ತದೆಯೇ ಉತ್ತರ ಆಸ್ಟ್ರೇಲಿಯಕ್ಕೆ ಬಂದು ಸೇರಿ, ಅಲ್ಲಿನ ಊರೊಂದರ ಹೆಸರನ್ನೇ ಪಡೆದು ಟೌನ್ಸ್‌ವಿಲ್ ಸ್ಟೈಲೋ ಎನಿಸಿಕೊಂಡಿತು. ಅದನ್ನು ನೆಚ್ಚಿ ದೊಡ್ಡ ದೊಡ್ಡ ಹುಲ್ಲುಗಾವಲುಗಳೇ ಎದ್ದವು. 1970ರ ದಶಕದಲ್ಲಿ ಕೊಲೆಟೊಟ್ರೈಕಮ್ ಶಿಲೀಂಧ್ರದಿಂದ ಬರುವ ಚಿಬ್ಬು ರೋಗ ಎಲೆ ಕಾಂಡಗಳ ಮೇಲೆ ಕಪ್ಪು ಚುಕ್ಕೆಗಳಾಗಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಆ ಹುಲ್ಲುಗಾವಲುಗಳಿಂದ ಟೌನ್ಸ್‌ವಿಲ್ ಸ್ಟೈಲೋವನ್ನು ಬಹುತೇಕ ಅಳಿಸಿಹಾಕಿತು. ಅದರ ಜಾಗಕ್ಕೆ ವೆನೆಜುವೆಲಾ ಮೂಲದ ಹಮಾಟ ತಳಿ ವೆರಾನೊ ಮತ್ತು ಸ್ಕಾಬ್ರ ಪ್ರಭೇದದ ಸೆಕಾ ಬಂದವು. ಸ್ಕಾಬ್ರದ್ದೇ ಇನ್ನೊಂದು ತಳಿ ಫಿಟ್ಸ್‌ರಾಯ್ ರೋಗಕ್ಕೆ ಸೋತಿತು. ಮುಂದೆ ತಜ್ಞರು ಒಂದೇ ತಳಿಯನ್ನು ನೆಚ್ಚದೆ, ಬೇರೆಬೇರೆ ಬಗೆಗಳ ಬೀಜವನ್ನು ಬೆರೆಸಿ ಸಿರಾನ್ ಎಂಬ ಮಿಶ್ರಣವನ್ನೇ ಬಿಡುಗಡೆ ಮಾಡಿದರು.

ಚಿಬ್ಬು ರೋಗದ ಶಿಲೀಂಧ್ರ ಭಾರತದಲ್ಲೂ ಇದೆ. ಇಲ್ಲಿನ ಸ್ಟೈಲೋ ಬೀಜದ ದೊಡ್ಡ ಪಾಲು ಕರ್ನಾಟಕಕ್ಕೆ ಹೊಂದಿಕೊಂಡಿರುವ ಆಂಧ್ರದ ಅನಂತಪುರ ಸೀಮೆಯಿಂದ ಬರುತ್ತದೆ, ಅದೂ ಮುಖ್ಯವಾಗಿ ಹಮಾಟದ ಬೀಜ. ಅಲ್ಲಿ ಗಿಡ ಒಣಗಿ ಕಾಯಿಗಳು ಉದುರಿದ ಮೇಲೆ ನೆಲವನ್ನು ಗುಡಿಸಿ, ಮಣ್ಣುಸಮೇತ ಒಟ್ಟುಮಾಡಿ, ಜರಡಿ ಹಿಡಿದು ಬೀಜ ಬೇರ್ಪಡಿಸುತ್ತಾರೆ.