ಬೆಂಗಳೂರಿನ ತಿಪ್ಪೆ, ಇನ್ನೊಬ್ಬರ ಹಿತ್ತಿಲು

ಹಳ್ಳಿಯ ಮನೆಗೆ ತನ್ನದೇ ಒಂದು ತಿಪ್ಪೆ ಇರುತ್ತದೆ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಂಗಳದ ಕಸ, ದನ ತಿಂದು ಬಿಟ್ಟ ಮೇವು ಎಲ್ಲವೂ ಅಲ್ಲಿ ಕೊಳೆತು, ಮುಂಗಾರಿಗೆ ಮೊದಲು ಗಾಡಿ ಏರಿ ಹೊಲ ಸೇರುತ್ತದೆ. ವಾಸನೆ ಯಾರದೋ ಗೊಬ್ಬರವೂ ಅವರದೇ. ಬೆಂಗಳೂರಿಗೆ ಮಾತ್ರ ಸ್ವಂತ ತಿಪ್ಪೆ ಇಲ್ಲ. ದಿನಕ್ಕೆ 4,000 ಟನ್‌ಗೂ ಹೆಚ್ಚು ಕಸ ಮಾಡುವ ಈ ಊರು, ಕಳೆದ ಎರಡು ದಶಕಗಳಿಂದ ಅದನ್ನು ಸುತ್ತಲಿನ ಒಂದಲ್ಲ ಒಂದು ಹಳ್ಳಿಯ ಪಕ್ಕ ಸುರಿಯುತ್ತಲೇ ಬಂದಿದೆ. ಒಂದು ಹಳ್ಳಿ ತಿರುಗಿಬಿದ್ದರೆ ಲಾರಿಗಳು ಇನ್ನೊಂದರತ್ತ ಹೊರಳುತ್ತವೆ. ಕಸದ ಸಮಸ್ಯೆ ಬಗೆಹರಿಯಿತು ಎಂದು ನಗರಕ್ಕೆ ಅನಿಸಿದಾಗಲೆಲ್ಲ ನಿಜಕ್ಕೂ ಬದಲಾದದ್ದು ಲಾರಿಗಳ ದಾರಿ ಅಷ್ಟೇ.

ಕಸವನ್ನು ಗೊಬ್ಬರ ಮಾಡಬೇಕೆಂಬ ಯೋಚನೆ ಇಲ್ಲಿ ಹೊಸದೇನಲ್ಲ. 1975ರಷ್ಟು ಹಿಂದೆಯೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಕೂಡ್ಲು ಬಳಿಯ ಅದರ ಘಟಕ ಆಗ ಊರಾಚೆಯ ಜಾಗ. ಆಮೇಲೆ ಎಚ್‌ಎಸ್‌ಆರ್ ಬಡಾವಣೆಯೂ ಅಪಾರ್ಟ್‌ಮೆಂಟುಗಳೂ ಅದರ ಬೇಲಿಯವರೆಗೆ ಬೆಳೆದವು. ಮನೆಗಳು ಬಂದ ಮೇಲೆ ವಾಸನೆಯ ದೂರೂ ಬಂತು. ಊರಾಚೆ ಎಂಬ ಜಾಗ ಬೆಂಗಳೂರಿನಲ್ಲಿ ಹೆಚ್ಚು ಕಾಲ ಊರಾಚೆಯಾಗಿ ಉಳಿಯುವುದಿಲ್ಲ. ಈ ಪಾಠ ಅಲ್ಲೇ ಕಣ್ಣೆದುರಿಗಿತ್ತು.

ಅಷ್ಟರಲ್ಲಿ ಕಸದ ಗುಣವೂ ಬದಲಾಯಿತು. ಪ್ಲಾಸ್ಟಿಕ್ ಕವರು, ಒಡೆದ ಗಾಜು, ಬ್ಯಾಟರಿ ಬೆರೆತ ಕಸವನ್ನು ಯಾವ ರೈತನೂ ಹೊಲಕ್ಕೆ ಹಾಕಿಸಿಕೊಳ್ಳಲಾರ. 1996ರಲ್ಲಿ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇಡೀ ದೇಶದ ನಗರಗಳ ಕಸವನ್ನು ನ್ಯಾಯಾಲಯದ ಮುಂದಿಟ್ಟಿತು. ಅದರ ಫಲವಾಗಿ 2000ರಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. ಕಂಡಕಂಡಲ್ಲಿ ಸುರಿಯಬಾರದು, ಬೇರ್ಪಡಿಸಬೇಕು, ಸಂಸ್ಕರಿಸಬೇಕು, ಉಳಿದದ್ದನ್ನಷ್ಟೇ ಹೂಳಬೇಕು ಎಂಬುದು ಅವುಗಳ ತಿರುಳು. ಬೆಂಗಳೂರು ಈ ಪಟ್ಟಿಯ ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡು ಹೂಳುವ ಜಾಗ ಹುಡುಕತೊಡಗಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ನಗರದ ಪಾಲಿಕೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಹೊಣೆ ಒಂದೇ ಏಟಿಗೆ ಹಿಗ್ಗಿತು.

ಜಾಗ ಸಿಕ್ಕಿದ್ದು ಉತ್ತರದಲ್ಲಿ ಮಾವಳ್ಳಿಪುರ, ಪೂರ್ವದಲ್ಲಿ ಮಂಡೂರು. ಯಲಹಂಕ ಕಡೆಯ ಮಾವಳ್ಳಿಪುರದ ಜನ ನೊಣ, ದುರ್ವಾಸನೆ, ಕೆಟ್ಟ ಬಾವಿನೀರಿನ ಬಗ್ಗೆ ವರ್ಷಗಟ್ಟಲೆ ದೂರಿದರು. ಕಸಕ್ಕೆ ಮುತ್ತುವ ಹದ್ದುಗಳಿಂದ ವಿಮಾನಗಳಿಗೆ ಅಪಾಯ ಎಂದು ಹತ್ತಿರದ ವಾಯುನೆಲೆಯೂ ಆಕ್ಷೇಪ ಎತ್ತಿತ್ತು. 2012ರ ಜುಲೈಯಲ್ಲಿ ಆ ಜಾಗ ಮುಚ್ಚಿತು.

ಕಸ ಎಲ್ಲಿಗೆ ಹೋಗುತ್ತದೆ ಎಂದು ಬೆಂಗಳೂರಿನವರು ಮೊದಲ ಸಲ ಯೋಚಿಸಿದ್ದು ಆಗ ಎನ್ನಬೇಕು. ಲಾರಿಗಳಿಗೆ ಹೋಗಲು ಜಾಗವಿಲ್ಲದೆ ರಸ್ತೆಯ ತಿರುವುಗಳಲ್ಲಿ, ಮಾರುಕಟ್ಟೆಗಳ ಬಾಗಿಲಲ್ಲಿ ಕಸದ ರಾಶಿ ಎದ್ದಿತು, ಮಳೆಗೆ ನೆನೆದು ಕೊಳೆಯಿತು. ಉದ್ಯಾನನಗರಿ ಎಂಬ ಹೆಸರನ್ನು ತಿರುಚಿ ಪತ್ರಿಕೆಗಳು ಗಾರ್ಬೇಜ್ ಸಿಟಿ ಎಂದು ಬರೆದವು. ಆ ರಾಶಿಗಳನ್ನು ಎತ್ತಿದವರು ಪೌರಕಾರ್ಮಿಕರು. ಕೈಗವಸಿಲ್ಲದೆ ಎತ್ತಿದವರೇ ಬಹಳ. ಅವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು, ಗುತ್ತಿಗೆಯ ಮೇಲೆ ದುಡಿಯುತ್ತಿದ್ದವರು. ಕೆಲಸ ಖಾಯಂ ಆಗಲೆಂದು ಅವರು ನಡೆಸಿದ ಹೋರಾಟ ಎಷ್ಟು ದೀರ್ಘವಾಯಿತೆಂದರೆ, 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂರಬೇಕಾಯಿತು. 12,000ಕ್ಕೂ ಹೆಚ್ಚು ಮಂದಿಗೆ ಖಾಯಂ ನೇಮಕದ ಪತ್ರ ಸಿಕ್ಕಿದ್ದು 2025ರ ಮೇ 1ರಂದು. ಕಸದ ಚರಿತ್ರೆ ಬರೆಯುವವರು ಆಯುಕ್ತರ ಹೆಸರುಗಳನ್ನು ಸಾಲಾಗಿ ಬರೆದು ಈ ಹೆಂಗಸರನ್ನು ಬಿಟ್ಟುಬಿಡುತ್ತಾರೆ. ಅದು ನನಗೆ ಒಪ್ಪುವುದಿಲ್ಲ.

2012ರ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯ ಎಂದು ಪಾಲಿಕೆ ಸಾರಿತು. ವಾರ್ಡುಗಳಲ್ಲಿ ಒಣಕಸದ ಕೇಂದ್ರಗಳು ತೆರೆದವು. ಚಿಂದಿ ಆಯುವವರಿಗೆ ಅದಾಗಲೇ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತ್ತು. ದಾರಿ ಸರಿಯಾಗಿತ್ತು, ನಡಿಗೆ ಮಾತ್ರ ನಿಧಾನ. ಆ ನಿಧಾನದ ಭಾರವೆಲ್ಲ ಬಿದ್ದದ್ದು ಮಂಡೂರಿನ ಮೇಲೆ.

ಮಂಡೂರಿನಲ್ಲಿ ಕಸದಿಂದ ಕರೆಂಟು ತಯಾರಾಗುತ್ತದೆ ಎಂಬ ಮಾತು ಮೊದಲಿನಿಂದಲೂ ಇತ್ತು. ಕರೆಂಟು ಬರಲಿಲ್ಲ, ಗುಡ್ಡ ಬೆಳೆಯಿತು. 2014ರ ಜೂನ್‌ನಲ್ಲಿ ಊರವರು ಲಾರಿಗಳನ್ನು ತಡೆದು ರಸ್ತೆಯಲ್ಲೇ ಕುಳಿತರು. ಪೊಲೀಸರು ಬಂದರು, ನಿಷೇಧಾಜ್ಞೆಯೂ ಬಂತು. ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ನವೆಂಬರ್ ಕೊನೆಯವರೆಗೆ ಕಾಲಾವಕಾಶ ಕೇಳಿದರು. ಡಿಸೆಂಬರ್ 1ರಿಂದ ಲಾರಿಗಳು ನಿಂತವು. ಒಂದು ಹಳ್ಳಿ ಮಹಾನಗರವನ್ನು ಮಣಿಸಿದ ಗಳಿಗೆ ಅದು. ಆದರೆ ಲಾರಿ ನಿಂತಿತೆಂದು ಗುಡ್ಡ ಕರಗುತ್ತದೆಯೇ? ಹೂತ ಹಸಿಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲ ಬಿಡುತ್ತದೆ, ಅದರಿಂದ ಬೆಂಕಿ ಏಳುತ್ತದೆ. ಒಸರುವ ಕಪ್ಪು ಕೊಳೆನೀರು ಬ್ಯಾಟರಿ, ಬಣ್ಣ, ಲೋಹಗಳ ವಿಷವನ್ನೂ ಹೊತ್ತುಕೊಂಡು ಮಣ್ಣಿಗಿಳಿಯುತ್ತದೆ. ಬೇರೆಯಾಗಿಟ್ಟಿದ್ದರೆ ಒಂದು ಗೊಬ್ಬರ, ಇನ್ನೊಂದು ಗುಜರಿ ಆಗುತ್ತಿತ್ತು. ಬೆರೆಸಿದ್ದರಿಂದ ಎರಡೂ ವಿಷವಾದವು.

ಮಂಡೂರು ಕೈತಪ್ಪುವುದು ಖಚಿತವಾದಾಗ ಪಾಲಿಕೆ ಅವಸರದಲ್ಲಿ ನಗರದಂಚಿನಲ್ಲಿ ಸಂಸ್ಕರಣಾ ಘಟಕಗಳನ್ನು ಎಬ್ಬಿಸಿತು. ಕನ್ನಹಳ್ಳಿ, ಸೀಗೆಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಚಿಕ್ಕನಾಗಮಂಗಲ. ಗೊಬ್ಬರ ಮಾಡಲು ಕಟ್ಟಿದ ಘಟಕಕ್ಕೆ ಮಿಕ್ಸ್ ಕಸ ಬಂದರೆ ಅದು ನಾರದೆ ಇರುತ್ತದೆಯೇ? ಅಲ್ಲಿಯೂ ಜನ ಬೀದಿಗಿಳಿದರು. ಇವರಲ್ಲಿ ಬಡಾವಣೆಯ ನಿವೇಶನ ಕೊಂಡು ಮನೆ ಕಟ್ಟಿದ ನಗರದವರೂ ಇದ್ದರು. ಮಾವಳ್ಳಿಪುರದವರು ಹೇಳಿದ್ದನ್ನೇ ಈಗ ಇವರೂ ಹೇಳುತ್ತಿದ್ದರು.

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿಕಸಕ್ಕೆ ಹಸಿರು ಬುಟ್ಟಿ, ಡೈಪರ್–ಪ್ಯಾಡುಗಳಂಥದ್ದಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಇಷ್ಟು ಸರಳವಾದದ್ದನ್ನು ಮಾಡಲು ನ್ಯಾಯಾಲಯವೇ ಹೇಳಬೇಕಾಯಿತು. ಹಲವು ಬಡಾವಣೆಗಳು ಇದನ್ನು ಚೆನ್ನಾಗಿ ರೂಢಿಸಿಕೊಂಡಿವೆ ನಿಜ. ಆದರೆ ಮನೆಯಲ್ಲಿ ಬೇರೆ ಮಾಡಿ ಕೊಟ್ಟ ಕಸ ಆಟೊ ಟಿಪ್ಪರಿನಿಂದ ಕಸ ಅದುಮಿ ತುಂಬುವ ಕಾಂಪ್ಯಾಕ್ಟರ್ ಲಾರಿಗೆ ಹೋಗುವಾಗ ಮತ್ತೆ ಒಂದಾಗುವುದನ್ನು ಕಣ್ಣಾರೆ ಕಂಡವರಿಗೆ, ಮರುದಿನ ಎರಡು ಬುಟ್ಟಿ ಇಡುವ ಮನಸ್ಸು ಬರುವುದಿಲ್ಲ. ಹಳೆಯ ರೂಢಿ ಬದಲಾಗದೆ ಉಳಿದಿರುವುದು ಮನೆಯ ಹೊಸ್ತಿಲಲ್ಲಿ ಮಾತ್ರವಲ್ಲ, ಈ ಕೈದಾಟುವ ಜಾಗದಲ್ಲಿ ಕೂಡ.

ಹೀಗೆ ಬೆರೆತು ಉಳಿದ ಕಸಕ್ಕೆ ಕಲ್ಲು ತೆಗೆದು ಬಿಟ್ಟ ಕ್ವಾರಿಗಳು ಕಂಡವು. ಬಾಗಲೂರು, ಬೆಳ್ಳಹಳ್ಳಿ, ಆಮೇಲೆ ಮಿಟ್ಟಗಾನಹಳ್ಳಿ. ಬಂಡೆಯ ಗುಂಡಿ ಗಟ್ಟಿಯಾಗಿ ಕಾಣಬಹುದು, ಆದರೆ ಸಿಡಿಮದ್ದು ಹೊಡೆದ ಕಲ್ಲಿನಲ್ಲಿ ಬಿರುಕುಗಳಿರುತ್ತವೆ. ಕೊಳೆನೀರಿಗೆ ಅಷ್ಟು ಸಾಕು, ಅಂತರ್ಜಲಕ್ಕೆ ದಾರಿ ಸಿಗುತ್ತದೆ. ಇನ್ನಷ್ಟು ಕಸ ಜಿಲ್ಲೆಯ ಗಡಿ ದಾಟಿ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳಿಗೆ ಹೋಯಿತು. ಅಲ್ಲಿನ ರೈತರೂ ಧರಣಿ ಕುಳಿತರು.

ಈಗ ಬಿಬಿಎಂಪಿ ಇಲ್ಲ, 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಿವೆ. ಕಸಕ್ಕೆಂದೇ ಬೇರೆ ಕಂಪನಿ ಇದೆ, ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ಬಿಡದಿಯಲ್ಲಿ ಕಸ ಸುಟ್ಟು ವಿದ್ಯುತ್ ತೆಗೆಯುವ ಘಟಕವಿದೆ. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಡುಗೆಮನೆಯ, ತರಕಾರಿ ಮಾರುಕಟ್ಟೆಯ ಹಸಿಕಸ. ಒದ್ದೆ ಕಸ ಚೆನ್ನಾಗಿ ಉರಿಯುವುದಿಲ್ಲ, ಹಾಗಾಗಿ ಆ ಘಟಕಕ್ಕೂ ಬೇರ್ಪಟ್ಟ ಒಣಕಸವೇ ಬೇಕು. ಇತ್ತ ಬಾಗಲೂರು ರಸ್ತೆಯಲ್ಲಿ ಕಪ್ಪು ನೀರು ಸೋರಿಸುತ್ತ ಲಾರಿಗಳು ಮಿಟ್ಟಗಾನಹಳ್ಳಿಯ ಕಡೆ ಹೋಗುತ್ತವೆ. ಅವುಗಳ ಹಿಂದೆ ಬೈಕಿನಲ್ಲಿ ಸಿಕ್ಕಿಕೊಂಡವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದಾರಿಗಾಗಿ ಹಾರ್ನ್ ಹೊಡೆಯುತ್ತಾರೆ.