ಕಾರ್ಬನ್ ಅಂದ್ರೆ ಗಟ್ಟಿ ಅಲ್ವಾ ಸರ್?

ಬೇಸಿಗೆಯ ಕೊನೆಗೆ ಬೆಂಗಳೂರಿನವರೊಬ್ಬರು ಕಾರಿನ ತಲೆ ಮೇಲಿಂದ ವಿಂಡ್‌ಸರ್ಫಿಂಗ್ ಬೋರ್ಡು, ಅಂದರೆ ಹಾಯಿ ಕಟ್ಟಿ ನೀರಿನ ಮೇಲೆ ನಿಂತು ಓಡಿಸುವ ಹಲಗೆ, ಇಳಿಸಿ ನನ್ನ ಶೆಡ್ಡಿನ ಎದುರು ಮಲಗಿಸಿದರು. ಮೂಗಿನ ಹತ್ತಿರ, ಅಂದರೆ ಮುಂತುದಿಯಲ್ಲಿ, ಅಂಗೈ ಅಗಲದ ಬಿರುಕು. ಅದರ ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪು. ಟೇಪಿನ ಅಂಚಿನಿಂದ ನೀರು ಜಿನುಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು: "ಸರ್, ಇದು ಫುಲ್ ಕಾರ್ಬನ್. ಕಾರ್ಬನ್ ಅಂದ್ರೆ ಗಟ್ಟಿ ಅಲ್ವಾ ಸರ್? ಹೇಗೆ ಒಡೀತು?"

ಈ ಪ್ರಶ್ನೆ ಪ್ರತಿ ಸೀಸನ್ನಿನಲ್ಲೂ ಬರುತ್ತದೆ. ಕೇಳುವವರು ಬೇರೆ, ಪ್ರಶ್ನೆ ಅದೇ. ನಾನು ಮಂಗಳೂರಿನ ಉತ್ತರಕ್ಕೆ, ನದಿ ಕಡಲು ಸೇರುವಲ್ಲಿ ಬೋರ್ಡು ರಿಪೇರಿ ಮಾಡುವವನು. ಹೆಚ್ಚಿನ ಕೆಲಸ ಸರ್ಫ್ ಬೋರ್ಡಿನದು. ಆದರೆ ಗೋವಾದಿಂದ, ಬೆಂಗಳೂರಿನಿಂದ, ದುಬೈಯಿಂದ ರಜೆಗೆ ಬಂದ ನಮ್ಮೂರವರಿಂದ ಹಾಯಿ ಬೋರ್ಡುಗಳೂ ಬರುತ್ತವೆ. ಎಷ್ಟು ಲೀಟರಿನ ಬೋರ್ಡು, ಎಷ್ಟು ಮೀಟರಿನ ಹಾಯಿ ಅನ್ನುವುದನ್ನೆಲ್ಲ ಕಲಿಸುವವರು ಹೇಳಿಕೊಟ್ಟಿರುತ್ತಾರೆ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಬಾಳಿಕೆಯ ಒಂದು ಮಾತು ಮಾತ್ರ ನನ್ನದು.

ನಮ್ಮ ಭಾಷೆಯಲ್ಲೇ ನೋಡಿ, 'ಗಟ್ಟಿ' ಬೇರೆ, 'ಬಾಳಿಕೆ' ಬೇರೆ. ಗಾಜಿನ ಬಳೆ ಗಟ್ಟಿ. ಬೆರಳಲ್ಲಿ ಒತ್ತಿದರೆ ಒಂಚೂರೂ ಬಗ್ಗುವುದಿಲ್ಲ. ಹೊಸಿಲಿಗೆ ತಾಗಿದರೆ ಚೂರು. ಪ್ಲಾಸ್ಟಿಕ್ ಕೊಡಪಾನ ಒತ್ತಿದರೆ ಒಳಗೆ ಹೋಗುತ್ತದೆ, ಬಾವಿಕಟ್ಟೆಗೆ ಹತ್ತು ವರ್ಷ ಬಡಿದರೂ ನೀರು ಹಿಡಿಯುತ್ತದೆ. ಕಾರ್ಬನ್ ಬೋರ್ಡು ಬಳೆಯ ಕಡೆಯದು. ಬಗ್ಗುವುದಿಲ್ಲ, ಅದಕ್ಕೇ ವೇಗ. ಬಗ್ಗುವುದಿಲ್ಲ, ಅದಕ್ಕೇ ಏಟು ತಿಂದರೆ ಒಡಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿಯೇ ಎಲ್ಲರೂ ಎಡವುವುದು.

ಬೋರ್ಡಿನ ಹೊಟ್ಟೆಯೊಳಗೆ ಇರುವುದು ಥರ್ಮಾಕೋಲ್. ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದರ ಅಣ್ಣ. ನೂರಕ್ಕೆ ತೊಂಬತ್ತೇಳೋ ತೊಂಬತ್ತೆಂಟೋ ಭಾಗ ಗಾಳಿ. ಅದರ ಮೇಲೆ ಬಟ್ಟೆ ಮತ್ತು ಎಪಾಕ್ಸಿ ಅಂಟು. ಒಳ್ಳೆಯ ಬೋರ್ಡಿನಲ್ಲಿ ಎರಡು ಬಟ್ಟೆಯ ನಡುವೆ ಕೆಲವು ಮಿಲಿಮೀಟರ್ ದಪ್ಪದ ಗಟ್ಟಿ ಪಿವಿಸಿ ಫೋಮ್ ಹಾಳೆ ಇರುತ್ತದೆ. ಇದಕ್ಕೇ ಸ್ಯಾಂಡ್‌ವಿಚ್ ಅನ್ನುವುದು. ಅಂದರೆ ಬೋರ್ಡಿನ ಜೀವ ಪೂರ್ತಿ ಚರ್ಮದಲ್ಲಿದೆ. ಆ ಚರ್ಮದ ಬಟ್ಟೆ ಗ್ಲಾಸ್ ಫೈಬರ್ ಆಗಿರಬಹುದು, ಕಾರ್ಬನ್ ಆಗಿರಬಹುದು, ಟೆಕ್ನೋರಾ ತರಹದ ಅರಾಮಿಡ್ ಅನ್ನುವ ಕೃತಕ ನೂಲು ಆಗಿರಬಹುದು. ಕಾರ್ಬನ್ ನೂಲನ್ನು ಎಳೆದರೆ ಮೂಲ ಉದ್ದದ ನೂರಕ್ಕೆ ಒಂದೂವರೆ, ಹೆಚ್ಚೆಂದರೆ ಎರಡರಷ್ಟು ಹಿಗ್ಗುತ್ತದೆ, ಆಮೇಲೆ ಪಟ್ ಅಂತ ಕಡಿಯುತ್ತದೆ. ಗ್ಲಾಸ್ ನೂಲು ನಾಲ್ಕೂವರೆಯ ತನಕ ತಾಳುತ್ತದೆ. ಮಾಸ್ಟು, ಅಂದರೆ ಹಾಯಿಯ ಕಂಬ, ಬಂದು ಬಡಿದಾಗ ಕೆಲಸಕ್ಕೆ ಬರುವುದು ಈ ಹಿಗ್ಗು.

"ಹಾಗಾದ್ರೆ ಕಾರ್ಬನ್ ಕೆಟ್ಟದಾ?" ಅಂದರೆ, ಅಲ್ಲ. ಗ್ಲಾಸ್ ಎಷ್ಟು ದಪ್ಪ ಹಾಕುತ್ತೇವೋ ಅಷ್ಟೇ ದಪ್ಪ ಕಾರ್ಬನ್ ಹಾಕಿದರೆ ಬೋರ್ಡು ಚೆನ್ನಾಗಿಯೇ ಬಾಳುತ್ತದೆ. ಆದರೆ ಹಾಗೆ ಯಾರೂ ಮಾಡುವುದಿಲ್ಲ. ಕಾರ್ಬನ್ ಬಿಗಿ ಜಾಸ್ತಿ, ಆದ್ದರಿಂದ ಕಡಿಮೆ ಬಟ್ಟೆಯಲ್ಲೇ ಬೇಕಾದ ಬಿಗಿ ಸಿಗುತ್ತದೆ. ಕಂಪನಿ ಚರ್ಮವನ್ನು ತೆಳು ಮಾಡಿ ತೂಕ ಇಳಿಸುತ್ತದೆ. ನೀವು ಜಾಸ್ತಿ ದುಡ್ಡು ಕೊಟ್ಟದ್ದು ಆ ತೆಳು ಚರ್ಮಕ್ಕೆ. ರೇಸಿನವರಿಗೆ ಅದು ಸರಿ. ಅವರು ಅರೆ ಸೆಕೆಂಡಿಗಾಗಿ ಬದುಕುವವರು, ಬೋರ್ಡು ಒಂದೆರಡು ಸೀಸನ್ ಬಂದರೆ ಸಾಕು. ನಿಮಗೆ ಹಾಗಲ್ಲ. ಸಾಲ ಮಾಡಿ ತಂದಿದ್ದೀರಿ, ಮಗನಿಗೂ ಕಲಿಸಬೇಕು ಅಂತಿದ್ದೀರಿ.

ತೂಕದ ಹುಚ್ಚಿನವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. 2008ರ ಬೀಜಿಂಗಿನಿಂದ ಟೋಕಿಯೋ ತನಕ ನಾಲ್ಕು ಒಲಿಂಪಿಕ್ಸಿನಲ್ಲಿ ಓಡಿಸಿದ್ದು ಆರ್‌ಎಸ್:ಎಕ್ಸ್ ಅನ್ನುವ ಬೋರ್ಡು. ಅದರ ತೂಕ 15.5 ಕಿಲೋ. ಜಗತ್ತಿನ ಅತಿ ಒಳ್ಳೆಯ ಹಾಯಿಗಾರರು ಅದರ ಮೇಲೆ ಚಿನ್ನ ಗೆದ್ದರು. ನಮ್ಮವರಿಗೆ ಅಳಿವೆಯಲ್ಲಿ ಅತ್ತಿಂದಿತ್ತ ಹೋಗಲು ಒಂಬತ್ತು ಕಿಲೋದ್ದು ಬೇಕು! ಅಲ್ಲ ಮಾರಾಯ್ರೆ, ನಮ್ಮ ಕರಾವಳಿಯ ಗಾಳಿಯನ್ನಾದರೂ ನೋಡಿ. ಫೆಬ್ರವರಿಯಿಂದ ಮೇ ತನಕ ಮಧ್ಯಾಹ್ನ ಊಟ ಆದ ಮೇಲೆ ವಾಯವ್ಯದಿಂದ ಬೀಸುತ್ತದೆ, ಸಂಜೆಗೆ ಸುಸ್ತಾಗುತ್ತದೆ. ಮಳೆಗಾಲದ ಕಡಲಿಗೆ ಇಳಿಯುವ ಮಾತೇ ಇಲ್ಲ. ಈ ಗಾಳಿಯಲ್ಲಿ ಒಂದೂವರೆ ಕಿಲೋ ಕಡಿಮೆಯಾದದ್ದು ನಿಮ್ಮ ಕಾಲಿಗೆ ಗೊತ್ತಾಗುವುದು ಅಪರೂಪ. ಕಾರಿನ ಮೇಲೆ ಎತ್ತಿಡುವಾಗ ಗೊತ್ತಾಗುತ್ತದೆ, ಅದು ಒಪ್ಪುತ್ತೇನೆ.

ಬೋರ್ಡಿಗೆ ಏಟು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಎಲ್ಲರೂ ಬಂಡೆ ಅನ್ನುತ್ತಾರೆ. ನನ್ನ ಶೆಡ್ಡಿಗೆ ಬರುವುದರಲ್ಲಿ ಜಾಸ್ತಿ ಮೂಗಿನ ಕೇಸು. ಅದನ್ನು ಒಡೆದದ್ದು ಬಂಡೆ ಅಲ್ಲ, ಅವರದೇ ಮಾಸ್ಟು. ಗಾಳಿ ಒಮ್ಮೆಲೇ ಎಳೆಯುತ್ತದೆ, ಹಾಯಿಗೆ ಸಿಕ್ಕಿಸಿದ ಸೊಂಟದ ಕೊಕ್ಕೆ ಬಿಡಿಸಲು ಪುರುಸೊತ್ತಿಲ್ಲ, ಮನುಷ್ಯ ಕವಣೆಯ ಕಲ್ಲಿನ ಹಾಗೆ ಮುಂದಕ್ಕೆ ಹಾರುತ್ತಾನೆ. ಅವನ ಜೊತೆ ಮಾಸ್ಟು, ಕೈಯಲ್ಲಿ ಹಿಡಿಯುವ ಅಡ್ಡಕಂಬ ಬೂಮ್ ಎಲ್ಲ ಬಂದು ಮೂಗಿಗೆ ಬಡಿಯುತ್ತದೆ. ಕಲಿಯುವವರು ಹಾರುವುದೂ ಇಲ್ಲ, ಹಾಯಿಯನ್ನು ಸುಮ್ನೆ ಕೈಬಿಡುತ್ತಾರೆ, ಅದೂ ಮೂಗಿನ ಮೇಲೆಯೇ. ಎರಡನೆಯದು ಹಿಮ್ಮಡಿ ಊರುವ ಜಾಗ. ನಿಂತಲ್ಲೇ ಕುಟ್ಟಿ ಕುಟ್ಟಿ ಚರ್ಮ ಥರ್ಮಾಕೋಲಿನಿಂದ ಬಿಡಿಸಿಕೊಳ್ಳುತ್ತದೆ. ಮೂರನೆಯದು ಫಿನ್ ಪೆಟ್ಟಿಗೆ, ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್ ಕೂರುವ ಜಾಗ. ಆಳ ಇಲ್ಲದ ಕಡೆ ಫಿನ್ ಮರಳಿಗೆ ಹೂತರೆ ಬೋರ್ಡಿನ ವೇಗವೆಲ್ಲ ಆ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಇಳಿತದ ಹೊತ್ತಿಗೆ ನಮ್ಮ ಅಳಿವೆಗಳಲ್ಲಿ ಮರಳ ದಿಬ್ಬ ಎಲ್ಲಿ ಎದ್ದಿರುತ್ತದೆ ಅಂತ ಮೀನು ಹಿಡಿಯುವವರಿಗೆ ಮಾತ್ರ ಗೊತ್ತು. ಅವರನ್ನು ಕೇಳಿ ಇಳಿಯಿರಿ, ಖುಷಿಯಿಂದ ಹೇಳುತ್ತಾರೆ.

ಬಿಸಿಲಿನ ವಿಷಯ ಬೇರೆಯೇ. ಮೇ ತಿಂಗಳಲ್ಲಿ ಕಪ್ಪು ಕಾರ್ಬನ್ ಬೋರ್ಡನ್ನು ಮರಳ ಮೇಲೆ ಬಿಟ್ಟು ಎಳನೀರು ಕುಡಿಯಲು ಹೋಗುತ್ತಾರೆ. ವಾಪಸ್ ಬಂದು ಮುಟ್ಟಿದರೆ ದೋಸೆ ಕಾವಲಿ. ಮಾಮೂಲಿ ಎಪಾಕ್ಸಿ 50–60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಒಳಗಿನ ಗಾಳಿ ಹಿಗ್ಗಿ ಚರ್ಮವನ್ನು ತಳ್ಳುತ್ತದೆ. ಅಲ್ಲಲ್ಲಿ ಪೂರಿಯ ಹಾಗೆ ಉಬ್ಬುತ್ತದೆ. ಇನ್ನೂ ಕೆಟ್ಟದ್ದು ಆಮೇಲೆ. ಬಿಸಿ ಬೋರ್ಡನ್ನು ಸೀದಾ ನೀರಿಗೆ ಹಾಕಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಎಲ್ಲೋ ಕೂದಲೆಳೆಯ ಬಿರುಕು ಇದ್ದರೂ ಸಾಕು, ಅಲ್ಲಿಂದ ಬೋರ್ಡು ನೀರು ಹೀರುತ್ತದೆ. ನೀರು ನುಗ್ಗುವುದಲ್ಲ, ಬೋರ್ಡೇ ಎಳೆದುಕೊಳ್ಳುವುದು.

ಗಾಳಿ ಆಡಲಿ ಅಂತಲೇ ಬೋರ್ಡಿನ ಮೇಲೆ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ವೆಂಟ್ ಸ್ಕ್ರೂ. ವಿಮಾನಕ್ಕೆ ಹಾಕುವಾಗ ಬಿಚ್ಚಿಡಬೇಕು. ಘಾಟಿ ಹತ್ತುವಾಗಲೂ ಬಿಚ್ಚುವುದು ಒಳ್ಳೆಯದು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ನಮ್ಮ ಕಡಲತಡಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಶಿರಾಡಿ ಹತ್ತಿ ಬಿಸಿಲಲ್ಲಿ ನಿಂತ ಕಾರಿನ ಮೇಲೆ ಮುಚ್ಚಿದ ಬೋರ್ಡು ಇದ್ದರೆ ಎರಡೂ ಕಡೆಯಿಂದ ಏಟು. ಈಗಿನ ಕೆಲವು ಬೋರ್ಡುಗಳಲ್ಲಿ ತಾನಾಗಿ ಉಸಿರಾಡುವ ವೆಂಟ್ ಬರುತ್ತದೆ, ಅದನ್ನು ಬಿಚ್ಚಲು ಹೋಗಬೇಡಿ. ಯಾವುದು ಅಂತ ಕೊಳ್ಳುವಾಗಲೇ ಕೇಳಿಕೊಳ್ಳಿ. ಮತ್ತೆ ದಯವಿಟ್ಟು, ಬಿಚ್ಚಿದ ಸ್ಕ್ರೂವನ್ನು ನೀರಿಗಿಳಿಯುವ ಮೊದಲು ಹಾಕಿ. ಒಬ್ಬರು ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಒಂದು ಗಂಟೆ ಹಾಯಿ ಓಡಿಸಿ, "ಇವತ್ತು ಬೋರ್ಡು ಯಾಕೋ ಭಾರ" ಅಂತ ಬಂದಿದ್ದರು. ಒಳ್ಳೆಯ ಮನುಷ್ಯ, ವೃತ್ತಿಯಲ್ಲಿ ಡಾಕ್ಟರು.

ರಿಪೇರಿಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ನದಿದಂಡೆಯಲ್ಲಿ ಫೈಬರ್ ದೋಣಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ, ಕೈಕೆಲಸದಲ್ಲಿ ನನಗಿಂತ ಹುಷಾರು. ಒಬ್ಬ ಹುಡುಗ ಖರ್ಚು ಉಳಿಸಲು ಬೋರ್ಡನ್ನು ಅಲ್ಲಿಗೆ ಒಯ್ದ. ಫಿನ್ ಪಕ್ಕದ ಒಂದು ಸಣ್ಣ ತೂತು. ಅವರು ಚೆಂದ ಉಜ್ಜಿ, ದೋಣಿಗೆ ಹಾಕುವ ಪಾಲಿಯೆಸ್ಟರ್ ರಾಳವನ್ನೇ ಸುರಿದರು. ಆ ರಾಳದಲ್ಲಿ ಸ್ಟೈರೀನ್ ಇರುತ್ತದೆ. ಸ್ಟೈರೀನ್ ಥರ್ಮಾಕೋಲನ್ನು ಕರಗಿಸುತ್ತದೆ, ಬಿಸಿ ಹಾಲಿನಲ್ಲಿ ಸಕ್ಕರೆ ಕರಗಿದ ಹಾಗೆ. ಮೇಲಿನಿಂದ ನೋಡಿದರೆ ಕೆಲಸ ಕನ್ನಡಿ. ಹುಡುಗ ನನ್ನ ಹತ್ತಿರ ತಂದಾಗ ಬೆರಳಲ್ಲಿ ಬಡಿದು ನೋಡಿದೆ, ಖಾಲಿ ಡಬ್ಬದ ಸದ್ದು. ಕೊಯ್ದರೆ ಒಳಗೆ ತೆಂಗಿನಕಾಯಿ ಹಿಡಿಸುವಷ್ಟು ಗುಹೆ! ದೋಣಿಯವರ ತಪ್ಪಲ್ಲ, ಅವರು ರಾಳ ಹಾಕಿ ರೂಢಿ ಇರುವುದು ಥರ್ಮಾಕೋಲಿನ ಮೇಲಲ್ಲ. ಬೋರ್ಡಿಗೆ ಎಪಾಕ್ಸಿಯೇ ಆಗಬೇಕು.

ಹಾಗಾದರೆ ಕೊಳ್ಳುವುದು ಯಾವುದನ್ನು? ನಿಮ್ಮನ್ನು, ನೀವು ಇಳಿಯುವ ಜಾಗವನ್ನು ನೋಡದೆ ಇದೇ ಅಂತ ಹೇಳುವುದು ಕಷ್ಟ. ಕಲಿಯುವವರಿಗೆ, ಮನೆಮಂದಿ ಹಂಚಿಕೊಳ್ಳುವ ಬೋರ್ಡಿಗೆ, ಹೊರಗೆ ಎಎಸ್‌ಎ ಅನ್ನುವ ಪ್ಲಾಸ್ಟಿಕ್ಕಿನ ದಪ್ಪ ಹೊದಿಕೆ ಇರುವ ಮಾದರಿ ನನ್ನ ಆಯ್ಕೆ. ಕಲಿಸುವ ಶಾಲೆಗಳಲ್ಲಿ ದಿನವಿಡೀ ಬಡಿಸಿಕೊಳ್ಳುವುದು ಇದೇ ಜಾತಿ. ಸ್ವಲ್ಪ ಕೈ ಪಳಗಿದವರಿಗೆ ಗ್ಲಾಸ್ ಸ್ಯಾಂಡ್‌ವಿಚ್, ಹಿಮ್ಮಡಿ ಜಾಗದಲ್ಲಿ ಹೆಚ್ಚುವರಿ ಪದರ ಇರುವುದು. ಫ್ಲ್ಯಾಟಿನ ಮೂರನೇ ಮಹಡಿಯವರು ಗಾಳಿ ತುಂಬುವ ಬೋರ್ಡನ್ನೂ ಯೋಚಿಸಬಹುದು. ವೇಗ ಕಡಿಮೆ, ಆದರೆ ಮೂಗು ಒಡೆಯುವ ಪ್ರಶ್ನೆಯೇ ಇಲ್ಲ. ಬ್ರ್ಯಾಂಡಿನ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಷ್ಟೋ ಕಂಪನಿಗಳ ಬೋರ್ಡು ತಯಾರಾಗುವುದು ಥಾಯ್ಲೆಂಡಿನ ಕೋಬ್ರಾ ಅನ್ನುವ ಒಂದೇ ಕಾರ್ಖಾನೆಯಲ್ಲಿ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಯಾವ ಪದರ ಅಂತ ಬರೆದಿರುತ್ತದಲ್ಲ, ಅದನ್ನು ಓದಿ. ಬೋರ್ಡನ್ನು ನೀರಿನಿಂದ ಮೇಲೆತ್ತುವ ಉದ್ದ ಕಂಬದ ರೆಕ್ಕೆ, ಅಂದರೆ ಫಾಯಿಲ್, ಹಾಕುವ ಆಸೆ ಇದ್ದರೆ ಫಾಯಿಲ್‌ಗೆಂದೇ ಕಟ್ಟಿದ ಪೆಟ್ಟಿಗೆ ಇರಬೇಕು. ಮಾಮೂಲಿ ಫಿನ್ ಪೆಟ್ಟಿಗೆಗೆ ಉದ್ದ ಕಂಬ ಸಿಕ್ಕಿಸಿದರೆ ಅದು ಹಾರೆಯಲ್ಲಿ ಮೀಟಿದ ಹಾಗೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ರೂಪಾಯಿ ನಾಣ್ಯ ಹಿಡಿದುಕೊಂಡು ಹೋಗಿ, ಇಡೀ ಮೈ ಬಡಿಯಿರಿ. ಟಕ್ ಟಕ್ ಅನ್ನುತ್ತಿದ್ದದ್ದು ಎಲ್ಲಾದರೂ ಡಬ್ ಅಂದರೆ ಅಲ್ಲಿ ಚರ್ಮ ಬಿಟ್ಟಿದೆ. ಹಿಮ್ಮಡಿ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ. ಆಮೇಲೆ ತೂಗಿ. ಕಂಪನಿ ಹೇಳಿದ ತೂಕಕ್ಕಿಂತ ಅರ್ಧ ಕಿಲೋ ಜಾಸ್ತಿ ಇದ್ದರೆ ಹಳೆ ರಿಪೇರಿ ಇರಬಹುದು, ಪೇಂಟ್ ಇರಬಹುದು. ಎರಡು ಕಿಲೋ ಜಾಸ್ತಿ ಇದ್ದರೆ ನೀರು. ಮಾರುವವರಿಗೆ ಬೇಜಾರಾದರೆ ಆಗಲಿ. 1970ರಲ್ಲಿ ಅಮೆರಿಕದ ಹಾಯಲ್ ಶ್ವೈಟ್ಜರ್, ಜಿಮ್ ಡ್ರೇಕ್ ಪೇಟೆಂಟ್ ಪಡೆದರು; ಆಮೇಲೆ ಕಾರ್ಖಾನೆಯಲ್ಲಿ ತಯಾರಾಗಿ ಬಂದ 'ವಿಂಡ್‌ಸರ್ಫರ್' ಬೋರ್ಡಿನ ಹೊರಮೈ ಪಾಲಿಥೀನ್, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಜಾತಿಯ ಪ್ಲಾಸ್ಟಿಕ್ಕು. ಆ ಕಾಲದವು ಇನ್ನೂ ಅಲ್ಲಿ ಇಲ್ಲಿ ಓಡುತ್ತಿವೆ. ಎತ್ತಲು ಮಾತ್ರ ಇಬ್ಬರು ಬೇಕು.

ಬೆಂಗಳೂರಿನವರ ಬೋರ್ಡಿಗೆ ಬರುತ್ತೇನೆ. ಮಾಸ್ಟಿಗೊಂದು ರಬ್ಬರ್ ಮೂಗುರಕ್ಷೆ ಕಟ್ಟಿಕೊಂಡಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ. ಕಾರ್ಬನ್ನಿಗೆ ಅಷ್ಟು ದುಡ್ಡು ಹಾಕಿದ ಮೇಲೆ ಅದಕ್ಕೆ ದುಡ್ಡು ಉಳಿಯಲಿಲ್ಲವಂತೆ. ಕ್ಯಾಟಲಾಗಿನಲ್ಲಿ ಅದರ ತೂಕ 9.2 ಕಿಲೋ. ಅದೇ ಮಾದರಿಯ ಗ್ಲಾಸ್ ಬೋರ್ಡು 10.6. ಆ 1.4 ಕಿಲೋ ಉಳಿಸಲು ಅವರು ಸಾಕಷ್ಟು ಕೊಟ್ಟಿದ್ದರು. ನಾನು ಕಾಲು ಸಿಕ್ಕಿಸುವ ಪಟ್ಟಿ, ಫಿನ್ ಎಲ್ಲ ಬಿಚ್ಚಿ, ಪಕ್ಕದ ಮೀನಿನವರಿಂದ ತೂಗುತಕ್ಕಡಿ ತಂದು ನೇತುಹಾಕಿದೆ. 12.1. ಅವರು ಸ್ವಲ್ಪ ಹೊತ್ತು ಆ ಕೆಂಪು ಅಂಕಿಯನ್ನೇ ನೋಡಿದರು. ತಕ್ಕಡಿ ಸರಿ ಇದೆಯಾ ಅಂತ ಕೇಳಿದರು. ಮೀನಿನ ಹೆಂಗಸು ಅಲ್ಲಿಂದಲೇ, "ನನ್ನ ತಕ್ಕಡಿಗೆ ಮಾತು ಹೇಳ್ಬೇಡಿ" ಅಂದಳು.

ಒಡೆದ ಜಾಗ ಕತ್ತರಿಸಿ ತೆರೆದು, ಮೂಗು ಕೆಳಗೆ ಮಾಡಿ ನೆರಳಿನಲ್ಲಿ ನಿಲ್ಲಿಸಿದ್ದೇನೆ. ಥರ್ಮಾಕೋಲ್ ಒಣಗುವುದು ಅದರ ಇಷ್ಟದ ಹಾಗೆ, ಅವಸರ ಮಾಡಿ ಒದ್ದೆಯ ಮೇಲೆ ಎಪಾಕ್ಸಿ ಹಾಕಿದರೆ ಮತ್ತೆ ಬಿಡುತ್ತದೆ. ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ನಾನು ವಾರಕ್ಕೊಮ್ಮೆ ತೂಗುತ್ತೇನೆ. ನಿನ್ನೆ ತೂಗಿದಾಗ ಸರಿಯಾಗಿ 10.6 ತೋರಿಸಿತು.